ರಾಯಚೂರಿನ ಬೇಸಿಗೆಯಲ್ಲಿ ಮೇಲ್ಪದರದ ಮೀನುಗಳು: ಗಪ್ಪಿ, ಹ್ಯಾಚೆಟ್, ಪಂಚಾಕ್ಸ್

ನೀರಿನ ಮೇಲ್ಪದರದಲ್ಲೇ ವಾಸಿಸುವ ಸಣ್ಣ ಮೀನುಗಳನ್ನು ಸಾಕುವವರಿಗೆ ಮೊದಲು ಸಿಗುವ ಸಲಹೆ, ತೊಟ್ಟಿಗೆ ಬಿಗಿಯಾದ ಮುಚ್ಚಳ ಇರಬೇಕು, ಇಲ್ಲದಿದ್ದರೆ ಮೀನು ಹಾರಿ ಹೊರಗೆ ಬೀಳುತ್ತದೆ ಎಂಬುದು. ಸಲಹೆ ಸರಿಯಾದದ್ದೇ, ಆದರೆ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರಿನಂಥ ಊರಿನಲ್ಲಿ ಅದು ಸಾಲದು. ಏಪ್ರಿಲ್, ಮೇ ತಿಂಗಳುಗಳಲ್ಲಿ ತೊಟ್ಟಿಯ ನೀರು ಖರ್ಚಿಲ್ಲದೆ ತಂಪಾಗುವುದು ಆವಿಯಾಗುವುದರಿಂದ ಮಾತ್ರ, ಗಾಜಿನ ಮುಚ್ಚಳ ಅದನ್ನೇ ತಡೆಯುತ್ತದೆ. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 35 ಡಿಗ್ರಿಯಲ್ಲಿ ಅದು 7ರ ಆಸುಪಾಸಿಗೆ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಬಿಸಿಯಿಂದಾಗಿ ಮೀನಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ ಏರುತ್ತದೆ. ಆದ್ದರಿಂದ ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿಗಳಲ್ಲಿ ನಾನು ಸಾಕಿ ನೋಡಿದ ಮೂರು ಜಾತಿಗಳನ್ನು, ನಮ್ಮ ಬಿಸಿಲು ಮತ್ತು ನಮ್ಮ ಬೋರ್‌ವೆಲ್‌ನ ಗಡಸು ನೀರು ಇವೆರಡನ್ನೂ ಅವು ಹೇಗೆ ತಾಳಿಕೊಳ್ಳುತ್ತವೆ ಎಂಬ ದೃಷ್ಟಿಯಿಂದಲೇ ಹೋಲಿಸುತ್ತಿದ್ದೇನೆ.

ಗಪ್ಪಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೊಳ್ಳೆಮರಿಗಳನ್ನು ತಿನ್ನುತ್ತದೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನು ಇದೇ. ಗಡಸು ನೀರು ಇದಕ್ಕೆ ತೊಂದರೆ ಕೊಡುವುದಿಲ್ಲ, ಒಗ್ಗುತ್ತದೆ ಎಂದೇ ಹೇಳಬಹುದು. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಈ ಮೀನಿನ ಗರ್ಭಾವಧಿ ಸುಮಾರು ನಾಲ್ಕು ವಾರ. ಆದುದರಿಂದ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟ ತೊಟ್ಟಿ ಕೆಲವೇ ತಿಂಗಳಲ್ಲಿ ಕಿಕ್ಕಿರಿಯುತ್ತದೆ, ಕಿಕ್ಕಿರಿದ ತೊಟ್ಟಿಯಲ್ಲಿ ಕರೆಂಟು ಹೋಗಿ ಏರ್ ಪಂಪ್ ನಿಂತರೆ ಬೇಸಿಗೆಯ ಮಧ್ಯಾಹ್ನ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯಲಾರಂಭಿಸುತ್ತವೆ. ಇನ್ನೊಂದು ವಿಷಯ, ಗಪ್ಪಿ ಅಪ್ಪಟ ಮೇಲ್ಪದರದ ಮೀನಲ್ಲ. ಗಾಜಿಗಂಟಿದ ಪಾಚಿಯನ್ನು ಕೆರೆಯುತ್ತಾ ತಳದವರೆಗೂ ಇಳಿಯುತ್ತದೆ.

ಹ್ಯಾಚೆಟ್ ಮೀನಿನ ಸೊಗಸೇ ಬೇರೆ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ ಈ ಮೀನಿನ ಎದೆ ಕೊಡಲಿಯ ಅಲಗಿನಂತೆ ಕೆಳಕ್ಕೆ ಬಾಗಿರುತ್ತದೆ. ಎದೆಯ ರೆಕ್ಕೆಗಳನ್ನು ಆಡಿಸುವ ಬಲವಾದ ಸ್ನಾಯುಗಳು ಅಲ್ಲಿರುವುದರಿಂದಲೇ ಅದು ಗಾಬರಿಯಾದಾಗ ನೀರಿನಿಂದ ಮೇಲಕ್ಕೆ ಚಿಮ್ಮುತ್ತದೆ. ನಾನು ಸಾಕಿದ್ದು ಮೂರೂವರೆ ಸೆಂಟಿಮೀಟರ್ ಮೀರದ, ಮೈಮೇಲೆ ಅಮೃತಶಿಲೆಯ ಗೆರೆಗಳಂಥ ಗುರುತುಗಳಿರುವ ಮಾರ್ಬಲ್ಡ್ ಹ್ಯಾಚೆಟ್. ಗುಂಪಿನಲ್ಲಿ ಬಿಟ್ಟರೆ ಮಾತ್ರ ಧೈರ್ಯದಿಂದಿರುತ್ತದೆ, ತಳಕ್ಕೆ ಬಿದ್ದ ಆಹಾರವನ್ನು ಮುಟ್ಟುವುದಿಲ್ಲ. ಮೃದುವಾದ, ತುಸು ಆಮ್ಲೀಯ ನೀರು ಬೇಕಾದ್ದರಿಂದ ಆರ್‌ಓ ನೀರಿನ ಪಾಲೇ ಹೆಚ್ಚಾಗುವಂತೆ ಬೆರೆಸಿ ಕೊಟ್ಟಿದ್ದೆ. ಚಳಿಗಾಲವಿಡೀ ಅವು ಚೆನ್ನಾಗಿಯೇ ಇದ್ದವು. ಬೇಸಿಗೆ ಬಂದು ಗಾಜಿನ ಮುಚ್ಚಳವನ್ನು ತೆಗೆಯುವಂತೆಯೂ ಇಲ್ಲ, ಇಡುವಂತೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ಸೊಳ್ಳೆಪರದೆಯ ಬಲೆಯನ್ನು ಚೌಕಟ್ಟಿಗೆ ಬಿಗಿದು ಹೊದಿಸಿದೆ. ಹಾರುವುದು ತಪ್ಪಿತು, ಆದರೆ ನೀರು 32 ಡಿಗ್ರಿಗಿಂತ ಕೆಳಗಿಳಿಯದ ದಿನಗಳಲ್ಲಿ ಮೀನುಗಳು ಒಂದೊಂದಾಗಿ ಹೋದವು. ನಮ್ಮ ಊರಿನಲ್ಲಿ ಚಿಲ್ಲರ್ (ತೊಟ್ಟಿಯ ನೀರನ್ನು ತಂಪಾಗಿಸುವ ಯಂತ್ರ) ಇಲ್ಲದೆ ಇದನ್ನು ಸಾಕುವುದು ಮೀನಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪಟ್ಟೆ ಪಂಚಾಕ್ಸ್ ದಕ್ಷಿಣ ಭಾರತದ ಮತ್ತು ಶ್ರೀಲಂಕಾದ ಸ್ವಂತ ಮೀನು. ಅಂಗಡಿಗಳಲ್ಲಿ ಗೋಲ್ಡನ್ ವಂಡರ್ ಎಂಬ ಹೆಸರಿನಲ್ಲಿ ಸಿಗುವ ಹಳದಿ ಮೀನು ಇದರದೇ ಸಾಕಿದ ತಳಿ. ಚಪ್ಪಟೆ ತಲೆ, ಮೇಲ್ಮುಖವಾದ ಬಾಯಿ, ಹಿಂದಕ್ಕೆ ಸರಿದ ಬೆನ್ನಿನ ರೆಕ್ಕೆ, ಇವೆಲ್ಲ ನೀರಿನ ಮೇಲೆ ಬೀಳುವ ಹುಳುಗಳನ್ನು ಹಿಡಿಯಲು ಹೊಂದಿಕೊಂಡ ರಚನೆ. ಗಡಸು ನೀರನ್ನೂ ಬಿಸಿಯನ್ನೂ ಇದು ಹ್ಯಾಚೆಟ್‌ಗಿಂತ ಎಷ್ಟೋ ಚೆನ್ನಾಗಿ ತಾಳಿಕೊಂಡಿತು. ಹಾರುವ ಚಟ ಇದಕ್ಕೂ ಇದೆ, ಆದರೆ ಅದೇ ಬಲೆಯ ಮುಚ್ಚಳ, ನೀರಿನ ಮಟ್ಟ ಅಂಚಿಗಿಂತ ಮೂರು ಇಂಚು ಕೆಳಗೆ ಮತ್ತು ಮೇಲೆ ತೇಲುವ ಒಂದಿಷ್ಟು ಅಂತರಗಂಗೆ, ಇಷ್ಟಿದ್ದರೆ ಸಾಕಾಗುತ್ತದೆ. ಆ ಗಿಡದ ಬೇರುಗಳ ನಡುವೆ ಮೊಟ್ಟೆಗಳನ್ನು ಅಂಟಿಸುತ್ತದೆ, ಸುಮಾರು ಎರಡು ವಾರದಲ್ಲಿ ಮರಿ ಹೊರಬರುತ್ತವೆ. ಬೇರನ್ನೇ ಕತ್ತರಿಸಿ ಬೇರೆ ಡಬ್ಬಿಗೆ ಹಾಕದಿದ್ದರೆ ದೊಡ್ಡ ಮೀನುಗಳು ಮರಿಗಳನ್ನು ಉಳಿಸುವುದಿಲ್ಲ.

ಹತ್ತು ಸೆಂಟಿಮೀಟರ್‌ವರೆಗೆ ಬೆಳೆಯುವ ಈ ಮೀನು ಬಾಯಿಗೆ ಹಿಡಿಸುವ ಯಾವುದನ್ನೂ ಬಿಡುವುದಿಲ್ಲ. ಈ ಗುಣವನ್ನೇ ಬಳಸಿಕೊಂಡು ಬೆಳೆದ ಗಪ್ಪಿಗಳ ತೊಟ್ಟಿಗೆ ಒಂದು ಜೋಡಿ ಪಂಚಾಕ್ಸ್ ಬಿಟ್ಟಿದ್ದೇನೆ. ಗಪ್ಪಿಮರಿಗಳ ಸಂಖ್ಯೆ ಹತೋಟಿಗೆ ಬಂದಿದೆ. ಉದ್ದ ಬಾಲದ ಗಂಡು ಗಪ್ಪಿಗಳನ್ನು ಮಾತ್ರ ಬೇರೆ ಇಡುವುದು ಒಳ್ಳೆಯದು.

ಬಲೆಯ ಮುಚ್ಚಳವಿದ್ದಾಗ ನೀರು ಬೇಗ ಇಳಿಯುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಇಳಿದಷ್ಟನ್ನೂ ಬೋರ್‌ವೆಲ್ ನೀರಿನಿಂದಲೇ ತುಂಬುತ್ತಾ ಹೋದರೆ ಗಡಸುತನ ವಾರದಿಂದ ವಾರಕ್ಕೆ ಏರುತ್ತದೆ. ಹಾಗಾಗಿ ತುಂಬಿಸುವುದಕ್ಕೆ ಆರ್‌ಓ ನೀರನ್ನು ಬಳಸಬೇಕು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಮಾತ್ರ ಬೋರ್‌ವೆಲ್ ನೀರು ಸಾಕು.