ಮಂಗನ ಕಾಯಿಲೆಗೆ ಕೊಡುವ ಡೆಪಾ ಎಣ್ಣೆ: ದರಕು ಹೊರುವ ಮನೆಯವಳ ಅಭಿಪ್ರಾಯ

ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ) ಹತ್ತದಿರಲಿ ಎಂದು ಮೈಗೆ ಹಚ್ಚಿಕೊಳ್ಳುವುದು ಡೆಪಾ ಎಣ್ಣೆ. ಮೊದಲೇ ಹೇಳಿಬಿಡುತ್ತೇನೆ, ಅದು ಕೆಲಸ ಮಾಡುತ್ತದೆ. ಹಚ್ಚಿಕೊಂಡು ಕಾಡಿಗೆ ಹೋದ ದಿನ ಮೈಮೇಲೆ ಉಣುಗು ಸಿಗುವುದು ತೀರಾ ಕಡಿಮೆ. ಆದರೆ ಎಲ್ಲಿ ಹಚ್ಚಬೇಕು, ಎಷ್ಟು ಹೊತ್ತಿಗೆ ಮತ್ತೆ ಹಚ್ಚಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ನಮ್ಮ ಕೈಗೆ ಬಂದ ಶೀಷೆ ಹೇಳುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಕಾಡಂಚಿನ ಮನೆ. ಸ್ವಲ್ಪ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ದನ, ಹಿಂದೆ ಸೊಪ್ಪಿನ ಬೆಟ್ಟ. ಮಳೆ ಮುಗಿದು ಎಲೆ ಉದುರಲು ಶುರುವಾದರೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕೆಲಸ ಶುರು. ದನದ ಕಾಲಡಿಗೆ ಹಾಸಲು ಅದೇ ಬೇಕು, ಗೊಬ್ಬರಕ್ಕೂ ಅದೇ ಬೇಕು. ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕವೇ. ನಾವು ಕಾಡಿನ ನೆಲ ಕೆರೆಯುವ ಹೊತ್ತಿಗೇ ಸಣ್ಣ ಉಣುಗು ಅಲ್ಲಿ ಕಾದು ಕೂತಿರುತ್ತದೆ.

ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಮಂಗಗಳು ಸಾಲಾಗಿ ಸಾಯುತ್ತಿದ್ದವು, ಅದೇ ಹೊತ್ತಿಗೆ ಸುತ್ತಲಿನ ಊರಿನವರಿಗೆ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆ ಕೇಂದ್ರವೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇನೋ ಎಂಬ ಭಯ ಅವರಿಗೆ ಮೊದಲು ಇತ್ತು. ನೋಡಿದರೆ ಅದು ಅಲ್ಲಿಯವರೆಗೆ ಯಾರೂ ಕಾಣದ ಬೇರೆಯೇ ವೈರಸ್, ಹರಡುವುದು ಉಣುಗಿನಿಂದ. ಆಮೇಲೆ ಅವರು ಸಾಗರದಲ್ಲೇ ಠಾಣೆ ಮಾಡಿಕೊಂಡು ಕಾಡು ಅಲೆದರು. ನಮ್ಮ ಕಾಡಿನ ಇಲಿ, ಮೂಗಿಲಿ, ಹಕ್ಕಿ, ಉಣುಗು ಎಲ್ಲವನ್ನೂ ಅಷ್ಟು ಶ್ರದ್ಧೆಯಿಂದ ಹುಡುಕಿ ನೋಡಿದವರು ಅವರೇ. ಅವರ ಮೇಲೆ ನನಗೆ ತುಂಬಾ ಗೌರವ ಇದೆ.

ಡೆಪಾ ಬಂದ ದಾರಿ ಬೇರೆ. ಅದನ್ನು ತಯಾರಿಸಿದ್ದು ಗ್ವಾಲಿಯರ್‌ನಲ್ಲಿರುವ ರಕ್ಷಣಾ ಸಂಶೋಧನಾ ಪ್ರಯೋಗಾಲಯ. ಪೂರ್ತಿ ಹೆಸರು ಡೈಈಥೈಲ್ ಫಿನೈಲ್ ಅಸಿಟಮೈಡ್. ಹೊರದೇಶಗಳಲ್ಲಿ ಸೊಳ್ಳೆಗೆ ಬಳಸುವ ಡೀಟ್ ಎಂಬ ಔಷಧಿಯ ಬದಲಿಗೆ, ನಮ್ಮಲ್ಲೇ ಕಡಿಮೆ ಖರ್ಚಿನಲ್ಲಿ ಮಾಡಬಹುದಾದದ್ದು ಬೇಕು ಎಂದು ಹುಡುಕಿ ಕಂಡುಕೊಂಡದ್ದು. ಸೈನಿಕರಿಗೆ ಎಂದು ಮಾಡಿದ್ದು ಈಗ ದರಕು ಹೊರುವವರ ಕೈಗೆ ಬಂದಿದೆ. ಮೊದಲೆಲ್ಲ ನಮ್ಮ ಕಡೆ ಕೊಡುತ್ತಿದ್ದದ್ದು ಉಣುಗು ದೂರ ಇಡುವ ಇನ್ನೊಂದು ಎಣ್ಣೆ, ಡಿ.ಎಂ.ಪಿ. ಎರಡನ್ನೂ ಬಳಸಿದ ನನಗೆ ಡೆಪಾ ಜಾಸ್ತಿ ಹಿಡಿಸಿತು. ಹಳೆಯದು ಮೈಗೆ ಅಂಟಂಟಾಗಿ ಕೂರುತ್ತಿತ್ತು, ದರಕಿನ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತಿತ್ತು. ಇದು ಅಷ್ಟಿಲ್ಲ. ವಾಸನೆ ಇದೆ, ನಿಜ. ನಮ್ಮ ಅತ್ತೆಗೆ ಅದು ಕಂಡರಾಗುವುದಿಲ್ಲ, ಹಚ್ಚಿಕೊಂಡವರು ಅಡುಗೆ ಮನೆಗೆ ಬರಬಾರದು ಅನ್ನುತ್ತಾರೆ. ಬರಲೂಬಾರದು, ಅದು ಹೊಟ್ಟೆಗೆ ಹೋಗುವ ವಸ್ತು ಅಲ್ಲ.

ಈಗ ಹಚ್ಚುವ ವಿಷಯ. ನಮ್ಮಲ್ಲಿ ಬಹಳ ಜನ ಎರಡು ಹನಿ ಅಂಗೈಗೆ ಹಾಕಿ ಮುಂಗೈಗೆ ಸವರಿ ಹೊರಟುಬಿಡುತ್ತಾರೆ. ಉಣುಗು ಮರದಿಂದ ಹಾರಿ ಬೀಳುವುದಿಲ್ಲ. ನೆಲದ ಎಲೆಯ ಮೇಲೆ, ಗಿಡದ ಬುಡದಲ್ಲಿ ಕೂತು ಕಾಲಿಗೆ ಹತ್ತುತ್ತದೆ, ಆಮೇಲೆ ಮೇಲೇರುತ್ತದೆ. ಅದಕ್ಕೆ ಪಾದದಿಂದ ಮೊಣಕಾಲಿನವರೆಗೆ ಮೊದಲು ಹಚ್ಚಬೇಕು. ಆಮೇಲೆ ಕೈ, ಕುತ್ತಿಗೆ, ಕಿವಿಯ ಹಿಂದೆ. ದರಕಿನ ಹೊರೆ ತಲೆ ಮೇಲೆ ಹೊರುವವರು ಕುತ್ತಿಗೆಯ ಹಿಂಭಾಗ ಬಿಡಲೇಬಾರದು. ಎಲೆಯ ಜೊತೆ ಬಂದ ಉಣುಗು ಇಳಿಯುವುದೇ ಅಲ್ಲಿಗೆ. ಕಣ್ಣು, ಬಾಯಿ, ಗಾಯ ಇರುವ ಜಾಗಕ್ಕೆ ತಾಗಿಸಬೇಡಿ. ಉದ್ದ ತೋಳಿನ ಅಂಗಿ, ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸೇರಿಸುವುದು, ಇವನ್ನು ಎಣ್ಣೆಯ ಜೊತೆಗೇ ಮಾಡಬೇಕು. ಎಣ್ಣೆ ಇದೆ ಎಂದು ಬರೀ ಕಾಲಲ್ಲಿ ಹೋಗುವುದಲ್ಲ.

ವಾಪಸ್ ಬಂದ ಮೇಲೆ ಬಿಸಿನೀರು, ಸಾಬೂನಿನಲ್ಲಿ ಸ್ನಾನ. ಬಟ್ಟೆ ಕುದಿಯುವ ನೀರಿಗೆ. ಕಂಕುಳು, ಸೊಂಟ, ಮೊಣಕಾಲಿನ ಹಿಂದೆ ಒಬ್ಬರಿಗೊಬ್ಬರು ನೋಡಬೇಕು. ಕಚ್ಚುವ ಮರಿ ಉಣುಗು ಸಾಸಿವೆ ಕಾಳಿನಷ್ಟು ಇರುತ್ತದೆ, ಕಣ್ಣು ಚುರುಕಾಗಿರಬೇಕು. ಸಂಶೋಧಕರು ಈ ಹಂತಕ್ಕೆ ನಿಂಫ್ ಅನ್ನುತ್ತಾರೆ. ದನದ ಮೈಮೇಲೆ ಮಳೆಗಾಲದಲ್ಲಿ ಕಾಣುವ ದಪ್ಪ ಉಣುಗುಗಳಲ್ಲಿ ಅದರದೇ ದೊಡ್ಡ ರೂಪವೂ ಇರುತ್ತದೆ. ನಮ್ಮ ಬೆಟ್ಟದಲ್ಲಿ ಸಂಶೋಧನೆಗೆ ಬಂದ ಕೆಲವು ಹುಡುಗ ಹುಡುಗಿಯರು ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು, ಹತ್ತಿದ್ದನ್ನೆಲ್ಲ ಚಿಮುಟದಲ್ಲಿ ಹೆಕ್ಕಿ ಸಣ್ಣ ಶೀಷೆಗೆ ತುಂಬಿಸುತ್ತಿದ್ದರು. ಬಗ್ಗಿ ನೋಡಿದರೆ ನನಗೆ ಸುಮ್ನೆ ಧೂಳಿನ ಹಾಗೆ ಕಂಡದ್ದು ಅವರ ಕಣ್ಣಿಗೆ ಉಣುಗು. ಆಮೇಲೆ ನಾನೂ ಹುಡುಕುವುದು ಕಲಿತೆ. ಆ ಬಟ್ಟೆ ಎಳೆಯುವ ಕೆಲಸವನ್ನು ಪ್ರತಿ ಶಾಲೆಯ ಮಕ್ಕಳಿಗೂ ಒಮ್ಮೆ ದೂರದಿಂದ ತೋರಿಸಬೇಕು.

ಇಂಬಳಕ್ಕೂ (ಕಾಡಿನ ಜಿಗಣೆ) ಈ ಎಣ್ಣೆ ಆಗುತ್ತದೆ. ಸುಣ್ಣ ಹೊಗೆಸೊಪ್ಪು ಕಟ್ಟಿಕೊಳ್ಳುವವರು ಇನ್ನೂ ಇದ್ದಾರೆ, ಇಂಬಳಕ್ಕೆ ಅದು ಸಾಕು. ಉಣುಗಿಗೆ ಅದನ್ನು ನಂಬಬೇಡಿ. ದನಕ್ಕೆ ಡೆಪಾ ಹಚ್ಚುವವರನ್ನೂ ನೋಡಿದ್ದೇನೆ. ಅದು ದಂಡ. ದನಕ್ಕೆ ಬೆನ್ನ ಮೇಲೆ ಸುರಿಯುವ ಬೇರೆ ಔಷಧಿ ಇದೆ, ಪಶುವೈದ್ಯರನ್ನು ಕೇಳಿ. ದನಕ್ಕೆ ಮಂಗನ ಕಾಯಿಲೆ ಬರುವುದಿಲ್ಲ, ಆದರೆ ಉಣುಗು ರಕ್ತ ಕುಡಿದು ಸಂತಾನ ಬೆಳೆಸುವುದು ಅದರ ಮೈಮೇಲೇ.

ಲಸಿಕೆ ಇರುವಾಗ ಎಣ್ಣೆ ಯಾಕೆ ಎಂದು ಮೊದಲು ಕೇಳುತ್ತಿದ್ದರು. ಈಗ ಕೇಳುವ ಹಾಗಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೇ ಲಸಿಕೆ ಕೊಡುವುದು 2022ರಲ್ಲಿ ನಿಂತಿತು. 2005ರಿಂದ 2010ರವರೆಗಿನ ಲೆಕ್ಕ ಹಿಡಿದು ಸಂಶೋಧಕರು ನೋಡಿದಾಗ, ಎರಡು ಡೋಸ್ ತೆಗೆದುಕೊಂಡವರಿಗೆ ಸುಮಾರು ಶೇ. 62, ಬೂಸ್ಟರ್ ಕೂಡ ತೆಗೆದುಕೊಂಡವರಿಗೆ ಸುಮಾರು ಶೇ. 83ರಷ್ಟು ರಕ್ಷಣೆ ಕಂಡಿತ್ತು. ಸೂಜಿ ಬಹಳ ನೋವು, ಅದಕ್ಕೇ ಬೂಸ್ಟರಿಗೆ ಜನ ಬರುತ್ತಿರಲಿಲ್ಲ. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಊರಿಗೆ ಬರುವ ತನಕ ನಮ್ಮ ಕೈಯಲ್ಲಿರುವುದು ಈ ಎಣ್ಣೆ, ಮೈಮುಚ್ಚುವ ಬಟ್ಟೆ, ಮತ್ತೆ ಜ್ವರ ಬಂದ ದಿನವೇ ರಕ್ತ ಪರೀಕ್ಷೆ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ನೀರಿನಂಶ, ರಕ್ತಸ್ರಾವ ನೋಡಿಕೊಂಡು ಕಾಪಾಡಬೇಕು. ಜ್ವರ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. 2018ರ ಕೊನೆಗೆ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಮಂಗನ ಕಾಯಿಲೆಯ ಹಾವಳಿ ಇಲ್ಲಿ ಯಾರಿಗೂ ಮರೆತಿಲ್ಲ.

ಇನ್ನು ನನ್ನ ದೂರು. ಎಣ್ಣೆ ಪುಕ್ಕಟೆ, ಅದು ದೊಡ್ಡ ವಿಷಯ. ಆದರೆ ಬರುವುದು ತಡ. ನಮ್ಮ ಕಡೆ ಶೀಷೆ ಹಂಚುವ ಹೊತ್ತಿಗೆ ಅರ್ಧ ದರಕು ಕೊಟ್ಟಿಗೆ ಸೇರಿರುತ್ತದೆ. ಎಲ್ಲೋ ಒಂದು ಮಂಗ ಸತ್ತ ಸುದ್ದಿ ಬಂದ ಮೇಲೆ ಓಡಾಟ ಶುರುವಾಗುತ್ತದೆ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಆಗಲೇ ಸುತ್ತಲೂ ಹರಡಿರುತ್ತದೆ, ಅಲ್ವಾ? ದೀಪಾವಳಿ ಕಳೆದ ಕೂಡಲೇ ಮನೆಮನೆಗೆ ಮುಟ್ಟಬೇಕು. ಇನ್ನೊಂದು, ಶೀಷೆ ಚಿಕ್ಕದು. ಮನೆಗೊಂದು ಎಂದು ಕೊಟ್ಟರೆ ಮನೆಯವರಿಗೆ ಆಗುತ್ತದೆ, ಕೂಲಿಗೆ ಬರುವವರಿಗೆ ಏನೂ ಉಳಿಯುವುದಿಲ್ಲ. ಕಾಡಿನಲ್ಲಿ ಹೆಚ್ಚು ಹೊತ್ತು ಇರುವವರು ಅವರೇ. ನಮ್ಮಲ್ಲಿಗೆ ಬರುವ ಹೆಂಗಸೊಬ್ಬರು "ಅಮ್ಮಾ, ನಿಮ್ಮನೆ ಶೀಷೆ ನಿಮಗೇ ಸಾಲದು, ನಾನು ಹೇಗೆ ಕೇಳಲಿ" ಎಂದರು. ಆ ಮಾತು ಕೇಳಿ ಹೊಟ್ಟೆ ಉರಿಯಿತು. ಈಗ ಕೊಡುವವರ ಹತ್ತಿರ ನಮ್ಮ ಕೆಲಸದವರ ಲೆಕ್ಕವನ್ನೂ ಬರೆಸಿಯೇ ತರುತ್ತೇನೆ. ನೀವೂ ಹಾಗೇ ಮಾಡಿ. ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿಟ್ಟರೆ ಅವರು ಹೇಗಾದರೂ ಹೊಂದಿಸುತ್ತಾರೆ. ಬೈಸಿಕೊಳ್ಳುವವರೂ ಅವರೇ, ಮನೆಮನೆ ನಡೆಯುವವರೂ ಅವರೇ.

ಸಂಶೋಧಕರಲ್ಲಿ ಒಂದು ಕೇಳಿಕೆ ಇದೆ. ಈಗ ಬೆಂಗಳೂರಿನ ಏಟ್ರೀ (ಪರಿಸರ ಸಂಶೋಧನೆಯದು), ನಿವೇದಿ (ಪಶುರೋಗ ಸಂಶೋಧನೆಯದು) ಮುಂತಾದ ಸಂಸ್ಥೆಗಳವರು ಹೊರದೇಶದವರ ಜೊತೆ ಸೇರಿ ನಮ್ಮ ಕಾಡು, ದನ, ಮನುಷ್ಯರನ್ನು ಒಟ್ಟಿಗೆ ಇಟ್ಟು ಈ ಕಾಯಿಲೆಯನ್ನು ಅಭ್ಯಾಸ ಮಾಡಿದ್ದಾರೆ. ಯಾವ ಊರಿಗೆ ಅಪಾಯ ಜಾಸ್ತಿ ಎಂದು ನಕ್ಷೆ ಮಾಡಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಅದರ ಜೊತೆ ಈ ಎಣ್ಣೆಯನ್ನೂ ನಮ್ಮ ಮೈಮೇಲೆ ಅಳೆಯಲಿ. ನಿಂತು ಕಾವಲು ಕಾಯುವ ಸೈನಿಕರ ಬೆವರು ಬೇರೆ, ಫೆಬ್ರವರಿ ಬಿಸಿಲಲ್ಲಿ ಬಗ್ಗಿ ದರಕು ಗುಡಿಸಿ ಹೊರೆ ಹೊತ್ತು ಇಳಿಯುವವರ ಬೆವರು ಬೇರೆ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಗಂಜಿ ಹೊತ್ತಿಗೆ ತೊಳೆದುಹೋದ ಹಾಗೆ ನನಗೆ ಅನಿಸುತ್ತದೆ. ಹಾಗಾಗಿ ಊಟ ಆದ ಮೇಲೆ ಮತ್ತೆ ಹಚ್ಚಿಸುತ್ತೇನೆ. ಇದು ನನ್ನ ಅಂದಾಜು ಅಷ್ಟೇ. ಸರಿಯಾದ ಗಂಟೆ ಲೆಕ್ಕ ಅಳೆದು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಶೀಷೆಯ ಮೇಲೆ ಅಚ್ಚು ಹಾಕಿಸಲಿ. ಓದು ಬಾರದವರಿಗೆ ಕಾಲು, ಕುತ್ತಿಗೆಯ ಚಿತ್ರವೊಂದು ಇರಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಂಚುವ ರೀತಿ ಸರಿಯಾದರೆ ಆ ಇನ್ನೊಂದನ್ನೂ ಕೊಡುತ್ತೇನೆ. ಈ ಸಲ ನಿಮ್ಮೂರಿಗೆ ಇನ್ನೂ ಬಂದಿಲ್ಲವಾದರೆ ಕಾಯುತ್ತಾ ಕೂರಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಕಾಡಿಗೆ ಹೋಗುವ ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.