ಮಲೆನಾಡಿನ ಚಳಿಗೆ ಮುಧೋಳ ನಾಯಿ: ಗೋಣಿ, ಕಂಬಳಿ, ಸ್ವೆಟರ್‌ಗಳಲ್ಲಿ ಯಾವುದು ಮೇಲು?

ಮುಧೋಳ ನಾಯಿ ಬಾಗಲಕೋಟೆ ಸೀಮೆಯ ಬಿಸಿಲಿನಲ್ಲಿ, ಬಯಲಿನಲ್ಲಿ ಬೇಟೆಯ ಹಿಂದೆ ಓಡಲೆಂದೇ ಬೆಳೆದ ತಳಿ. ತೆಳು ಚರ್ಮ, ಮೈಗೆ ಅಂಟಿಕೊಂಡ ಗಿಡ್ಡ ಕೂದಲು, ಕೊಬ್ಬೆಂಬುದು ಹೆಸರಿಗಷ್ಟೆ. ಅದನ್ನು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಸಾಕಿದರೆ ಡಿಸೆಂಬರ್, ಜನವರಿಯ ಚಳಿ ನಿಜವಾಗಿಯೂ ಕಷ್ಟ. ನಮ್ಮ ಮನೆಯ ನಾಟಿ ನಾಯಿಗೆ ಅದೇ ಚಳಿ ಲೆಕ್ಕಕ್ಕೇ ಇಲ್ಲ. ಅದರ ಕೂದಲಿನಡಿ ಇನ್ನೊಂದು ಪದರ ಒತ್ತಾದ ಕೂದಲಿದೆ. ಹಾಗಾಗಿ ನಾನು ಬರೆಯುತ್ತಿರುವುದು ಮುಧೋಳ, ಡಾಬರ್‌ಮನ್‌ಗಳಂಥ ಗಿಡ್ಡ ಕೂದಲಿನ ನಾಯಿಗಳನ್ನು ಸಾಕುವವರಿಗೆ.

ಯಾವ ಹಾಸಿಗೆ ಮೇಲು ಎಂದು ತಿಳಿಯಲು ಬೆಳಗಿನ ಜಾವ ಎದ್ದು ನೋಡಬೇಕು. ನಾಯಿ ಮೂತಿಯನ್ನು ಬಾಲದಡಿ ಹುದುಗಿಸಿ ಬಿಗಿಯಾಗಿ ಸುರುಳಿ ಸುತ್ತಿಕೊಂಡಿದ್ದರೆ, ಕಿವಿಯ ತುದಿ ತಣ್ಣಗಿದ್ದರೆ, ಅದಕ್ಕೆ ರಾತ್ರಿ ಬಿಸಿ ಸಾಲದಾಗಿದೆ ಎಂದರ್ಥ. ಕಾಲು ಚಾಚಿ ಪಕ್ಕಕ್ಕೆ ಒರಗಿದ್ದರೆ ಚಿಂತೆಯಿಲ್ಲ.

ಹಾಸಿಗೆಯ ಮಾತೇ ಮೊದಲು, ಏಕೆಂದರೆ ಚಳಿ ನಾಯಿಯೊಳಗೆ ಇಳಿಯುವುದು ಸಿಮೆಂಟ್ ನೆಲದಿಂದ. ಒಣ ಭತ್ತದ ಹುಲ್ಲು ತುಂಬಿದ ಗೋಣಿಚೀಲ ಬೆಚ್ಚಗಿರುವುದರಲ್ಲಿ ಎಲ್ಲಕ್ಕಿಂತ ಮುಂದು. ಹುಲ್ಲಿನ ನಡುವೆ ಗಾಳಿ ಸಿಕ್ಕಿಕೊಂಡು ಬಿಸಿ ಹಿಡಿದಿಡುತ್ತದೆ. ನಾಯಿ ಕೆರೆದು ತನ್ನ ಅಳತೆಯ ತಗ್ಗು ಮಾಡಿಕೊಳ್ಳುತ್ತದೆ. ಆದರೆ ವಾರಕ್ಕೊಮ್ಮೆ ಹುಲ್ಲು ಬದಲಿಸದಿದ್ದರೆ ತೇವ ಹಿಡಿದು ಬೂಷ್ಟು ಬರುತ್ತದೆ, ಚಿಗಟ ಮನೆ ಮಾಡುತ್ತದೆ. ಅಂಗಡಿಯ ಫೋಮ್ ಹಾಸಿಗೆ ನೋಡಲು ಚೆಂದ, ಮಲಗಲು ಅಲ್ಲ. ಮುಧೋಳದ ಮೊಣಕೈ ಮೂಳೆ ಅದರಲ್ಲಿ ನೆಲದವರೆಗೂ ಇಳಿದುಬಿಡುತ್ತದೆ, ಒಮ್ಮೆ ಒದ್ದೆಯಾದರೆ ಮೋಡದ ದಿನ ಒಣಗುವುದೇ ಇಲ್ಲ. ಬೇಸಿಗೆಯಲ್ಲಿ ನಾಯಿಗೆ ಪ್ರಾಣವಾಗಿದ್ದ ನೈಲಾನ್ ಪಟ್ಟಿಯ ಮಂಚ ಚಳಿಗಾಲದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು; ಹೊಟ್ಟೆಯಡಿ ಗಾಳಿ ಸುಳಿದಾಡುತ್ತಲೇ ಇರುತ್ತದೆ.

ನನ್ನ ಮತ ಕುರಿಯುಣ್ಣೆಯ ಕರಿ ಕಂಬಳಿಗೆ. ಒರಟು ನಿಜ, ಆದರೆ ತುಸು ಒದ್ದೆಯಾದರೂ ಬಿಸಿ ಬಿಡುವುದಿಲ್ಲ. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಧೂಳು, ಕೂದಲು ಉದುರುತ್ತವೆ. ಕೆಳಗೊಂದು ಮರದ ಹಲಗೆ, ಅದರ ಮೇಲೆ ಖಾಲಿ ಕಾಫಿ ಚೀಲ, ಮೇಲೆ ನಾಲ್ಕು ಮಡಿಕೆಯ ಕಂಬಳಿ: ಈ ಜೋಡಣೆ ಹುಲ್ಲಿನ ಹಾಸಿಗೆಗಿಂತ ಒಂದು ಕೂದಲೆಳೆಯಷ್ಟೇ ಕಡಿಮೆ ಬೆಚ್ಚಗಿರಬಹುದು, ಆದರೆ ಇಡೀ ಚಳಿಗಾಲ ಬಾಳುತ್ತದೆ.

ಉಡುಪಿನ ವಿಷಯಕ್ಕೆ ಬಂದರೆ, ಹೆಣೆದ ಸ್ವೆಟರ್ ಪೇಟೆಯ ಫ್ಲ್ಯಾಟ್‌ಗೆ ಸರಿ. ಕಾಫಿ ಗಿಡಗಳ ನಡುವೆ ಬೆಳಗ್ಗೆ ಒಂದು ಸುತ್ತು ಹೋಗಿ ಬಂದರೆ ಇಬ್ಬನಿಯಲ್ಲಿ ತೊಯ್ದು, ಉತ್ತರಾಣಿ ಮುಳ್ಳು ಮೆತ್ತಿಕೊಂಡು, ಹಾಕದೇ ಇದ್ದರೇ ಮೇಲಿತ್ತು ಎನ್ನಿಸುತ್ತದೆ. ನೀರು ಹಿಡಿಯದ ಹೊರಪದರದ ಜಾಕೆಟ್ ಇಬ್ಬನಿಗೆ ಒಳ್ಳೆಯದು, ಆದರೆ ಮುಧೋಳದ ಮೈಕಟ್ಟಿಗೆ ಹೊಂದುವುದು ಸಿಗುವುದಿಲ್ಲ: ಆಳವಾದ ಎದೆಗೆ ಬಿಗಿ, ಸಣ್ಣ ನಡುವಿಗೆ ಸಡಿಲ. ಕೊನೆಗೆ ಊರಿನ ದರ್ಜಿಯ ಕೈಯಲ್ಲಿ ಹಳೆಯ ಕಂಬಳಿಯ ತುಂಡಿಗೆ ಪಂಚೆ ಬಟ್ಟೆಯ ಒಳಪದರ ಹಾಕಿಸಿ, ಎದೆಗೊಂದು ಹೊಟ್ಟೆಗೊಂದು ಪಟ್ಟಿ ಹೊಲಿಸಿದೆ. ಒಳಪದರ ಇಲ್ಲದಿದ್ದರೆ ಕಂಬಳಿ ಮುಂಗಾಲಿನ ಸಂದಿನಲ್ಲಿ ಉಜ್ಜಿ ಕೂದಲು ಉದುರಿಸುತ್ತದೆ. ಅಂಗಡಿಯ ಯಾವ ಉಡುಪೂ ಇದರ ಸಮಕ್ಕೆ ಬರಲಿಲ್ಲ.

ಯಾವುದನ್ನೇ ತೊಡಿಸಿ, ದಿನಕ್ಕೊಮ್ಮೆ ಬಿಚ್ಚಿ ಮೈ ತಡವಿ ನೋಡಲೇಬೇಕು. ಬಟ್ಟೆಯಡಿ ಕುತ್ತಿಗೆ, ಕಾಲುಸಂದುಗಳಲ್ಲಿ ಉಣುಗು ಅಡಗಿ ಕುಳಿತಿರುತ್ತದೆ. ಮಲೆನಾಡಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಅದು ಹೆಚ್ಚಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಕಾಡಂಚಿನಲ್ಲಿ ತಿರುಗಿದ ನಾಯಿ ಉಣುಗನ್ನು ಮನೆಯೊಳಗೂ ತರಬಲ್ಲದು.

ಬಿಸಿಗೆ ನಮ್ಮಲ್ಲಿರುವ ಹಳೆಯ ದಾರಿ ಬಚ್ಚಲು ಒಲೆ. ಸಂಜೆ ಹಂಡೆ ಕಾಯಿಸಿದ ಮೇಲೆ ನಾಯಿ ತಾನೇ ಹೋಗಿ ಒಲೆಯೆದುರು ಮಲಗುತ್ತದೆ. ಆದರೆ ಕೆಂಡ ಸಿಡಿಯುವ ಭಯವಿದೆ, ಹೊಗೆಯಿದೆ, ಮೇಲಾಗಿ ಚಳಿ ಬಲವಾಗುವ ಜಾವಕ್ಕೆ ಒಲೆ ಆರಿರುತ್ತದೆ. ವಿದ್ಯುತ್ ಹೀಟರ್ ಚರ್ಮ ಒಣಗಿಸಿ ಹೊಟ್ಟು ಏಳಿಸುತ್ತದೆ, ಕರೆಂಟು ಹೋದ ರಾತ್ರಿ ಅದೂ ಇಲ್ಲ. ಹಾಸಿಗೆ ಚೆನ್ನಾಗಿದ್ದರೆ ಗಟ್ಟಿಮುಟ್ಟಾದ ನಾಯಿಗೆ ಇವೆರಡೂ ಬೇಡ. ಮುದಿ ನಾಯಿಗೂ ಮರಿಗೂ ಟವೆಲ್ ಸುತ್ತಿದ ಬಿಸಿನೀರಿನ ರಬ್ಬರ್ ಚೀಲ ಒಳ್ಳೆಯದು. ಕೈಗೆ ಹಿತವೆನಿಸುವಷ್ಟು ಬಿಸಿ ಸಾಕು. ಕಚ್ಚುವ ಚಟವಿರುವ ಮರಿಯಾದರೆ ಕಣ್ಣಿಟ್ಟಿರಬೇಕು. ಕೀಲುನೋವೆಂದು ಮನುಷ್ಯರ ಐಬುಪ್ರೊಫೇನ್ ಮಾತ್ರೆ ಮಾತ್ರ ಕೊಡಲೇಬೇಡಿ, ಅದು ನಾಯಿಗೆ ವಿಷ, ಪಶುವೈದ್ಯರನ್ನೇ ಕೇಳಿ. ಇನ್ನು, ಬೆಚ್ಚಗಿನ ಹಾಸಿಗೆ ಜಗಲಿಯಲ್ಲಿದ್ದರೆ ಪ್ರಯೋಜನವಿಲ್ಲ. ಚಿರತೆ ಓಡಾಡುವ ಸೀಮೆಯಲ್ಲಿ ನಾಯಿ ರಾತ್ರಿ ಬಾಗಿಲ ಒಳಗೇ ಇರಬೇಕು.

ಸ್ನಾನಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸಿ ಬ್ರಷ್ ಮಾಡುವುದು ಮೇಲು. ಮಾಡಿಸಲೇಬೇಕಾದರೆ ಮಧ್ಯಾಹ್ನದ ಬಿಸಿಲಿನಲ್ಲಿ. ಊಟದಲ್ಲಿ ತುಪ್ಪ ಸುರಿಯುವ ರೂಢಿ ನನಗೆ ಒಪ್ಪಿಗೆಯಿಲ್ಲ, ಒಮ್ಮೆಗೇ ಹೆಚ್ಚಿದ ಕೊಬ್ಬು ಹೊಟ್ಟೆ ಕೆಡಿಸುತ್ತದೆ. ರಾಗಿ ಮುದ್ದೆಯ ಜೊತೆ ಮೂಳೆ ತೆಗೆದ ಬೇಯಿಸಿದ ಕೋಳಿ ಮಾಂಸವನ್ನು ತುಸು ಹೆಚ್ಚಿಸಿ. ಮುಧೋಳಕ್ಕೆ ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ, ಅದಕ್ಕಿಂತ ಹೆಚ್ಚು ಎದ್ದು ಕಂಡರೆ ತಟ್ಟೆಯಲ್ಲಿ ಇನ್ನೊಂದು ಹಿಡಿ ಬೀಳಬೇಕು.