ಮರುದಿನ ಫೋನ್ ಮಾಡುವ ಕ್ಲಿನಿಕ್: ಹಳೇ ಗಿರಾಕಿಯ ವಿಮರ್ಶೆ

ನಮ್ಮ ನಾಯಿ ಚಿನ್ನಿ ಮರಿಯಾಗಿದ್ದಾಗಿಂದ ಒಂದೇ ಪಶುವೈದ್ಯರ ಹತ್ತಿರ ಹೋಗುತ್ತಿದ್ದೇವೆ. ಈಗ ಅವಳಿಗೆ ವಯಸ್ಸಾಗಿದೆ. ಕ್ಲಿನಿಕ್ಕೂ ಬೆಳೆದಿದೆ. ಆಗ ಒಬ್ಬರು ಡಾಕ್ಟ್ರು, ಒಬ್ಬ ನರ್ಸ್ ಇದ್ದರು, ಅಷ್ಟೇ. ಈಗ ಎಕೋ (ಹೃದಯದ ಸ್ಕ್ಯಾನ್), ಡಿಜಿಟಲ್ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಅಲ್ಲೇ ಆಗುತ್ತದೆ. ಅದರ ಪಟ್ಟಿ ಅವರ ಬೋರ್ಡಿನಲ್ಲೇ ಇದೆ, ನಾನು ಮತ್ತೆ ಬರೆಯುವುದಿಲ್ಲ. ನಾನು ಹೇಳಬೇಕಿರುವುದು ಅವರ ಫೋನಿನ ಬಗ್ಗೆ.

ಏನೇ ಚಿಕಿತ್ಸೆ ಆಗಲಿ, ಮರುದಿನ ಅಲ್ಲಿಂದ ಫೋನ್ ಬರುತ್ತಿತ್ತು. "ರಾತ್ರಿ ನಿದ್ದೆ ಮಾಡಿದಳಾ? ಊಟ ಹೇಗೆ? ಮಾತ್ರೆ ನುಂಗಿದಳಾ, ಉಗುಳಿದಳಾ?" ಎರಡೇ ನಿಮಿಷದ ಮಾತು. ಆದರೆ ಕ್ಲಿನಿಕ್‌ನಲ್ಲಿ ನಾಯಿ ನಡುಗುತ್ತಿರುತ್ತದೆ, ನಮ್ಮ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ. ಕೇಳಬೇಕಾದ ಪ್ರಶ್ನೆಗಳೆಲ್ಲ ಹೊಳೆಯುವುದು ಮನೆಗೆ ಬಂದ ಮೇಲೆ. ಆ ಹೊತ್ತಿಗೆ ಸರಿಯಾಗಿ ಫೋನ್ ಬಂದರೆ ಎಷ್ಟು ನೆಮ್ಮದಿ ಅಲ್ವಾ?

ಇದರ ಬೆಲೆ ನನಗೆ ಪೂರ್ತಿ ತಿಳಿದದ್ದು ಚಿನ್ನಿಗೆ ಹೃದಯದ ತೊಂದರೆ ಶುರುವಾದಾಗ. ಸಣ್ಣ ತಳಿಯ ನಾಯಿಗಳಲ್ಲಿ ವಯಸ್ಸಾದಂತೆ ಹೃದಯದೊಳಗಿನ ಮೈಟ್ರಲ್ ಎಂಬ ಕವಾಟ ದಪ್ಪಗಾಗಿ ರಕ್ತ ಹಿಂದಕ್ಕೆ ಸೋರುವುದು ತುಂಬಾ ಸಾಮಾನ್ಯ. ಅವಳನ್ನು ಮೇಜಿನ ಮೇಲೆ ಹತ್ತಿಸದೆ, ಡಾಕ್ಟ್ರೇ ನೆಲದ ಮೇಲೆ ಕೂತು ಸ್ಟೆತಸ್ಕೋಪ್ ಇಟ್ಟರು. ಬಡಿತದ ಜೊತೆ ಸುಯ್ ಎನ್ನುವ ಸದ್ದಿದೆ ಅಂತ ನನ್ನ ಕಿವಿಗೂ ಕೊಟ್ಟು ಕೇಳಿಸಿದರು. ಎಕೋ ಮಾಡಿದಾಗ ಹೃದಯ ದೊಡ್ಡದಾಗಿತ್ತು, ಆದರೆ ಶ್ವಾಸಕೋಶದಲ್ಲಿ ನೀರು ತುಂಬಿರಲಿಲ್ಲ. ಈ ಹಂತದಲ್ಲಿ ಪಿಮೊಬೆಂಡಾನ್ ಎಂಬ ಹೃದಯದ ಮಾತ್ರೆ ಶುರು ಮಾಡಿದರೆ ಹೃದಯ ಸೋಲುವುದು ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆ ಎಂದು 2016ರಲ್ಲಿ ಬಂದ ಎಪಿಕ್ ಎಂಬ ದೊಡ್ಡ ಅಧ್ಯಯನದಲ್ಲಿ ಕಂಡಿದೆ. ಅದನ್ನು ಹೇಳಿ, ಅದು ಸರಾಸರಿ ಲೆಕ್ಕ, ನಿಮ್ಮ ನಾಯಿಗೆ ಇಷ್ಟೇ ಅಂತ ಮಾತು ಕೊಡಲಾರೆ ಎಂದೂ ಹೇಳಿದರು.

ಆಮೇಲೆ ಮಾಡಿದ ಕೆಲಸ ನನಗೆ ಇನ್ನೂ ಇಷ್ಟವಾಯಿತು. ಔಷಧಿ ಜೀವನಪೂರ್ತಿ ಬೇಕು. ತಿಂಗಳಿಗೆ ಎಷ್ಟಾಗುತ್ತದೆ, ಯಾವ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂದು ಕಾಗದದ ಮೇಲೆ ಬರೆದುಕೊಟ್ಟರು. ಯಾವುದು ಬಿಡುವಂತಿಲ್ಲ, ಯಾವುದು ಸ್ವಲ್ಪ ತಡವಾದರೂ ನಡೆಯುತ್ತದೆ ಎಂಬುದನ್ನೂ ಗುರುತು ಹಾಕಿದರು. ನಾನು ಖರ್ಚನ್ನು ಲೆಕ್ಕ ಹಾಕಿ ಬದುಕುವವಳು. ದುಡ್ಡಿನ ಮಾತನ್ನು ನಾನೇ ಮುಜುಗರಪಟ್ಟು ಎತ್ತುವ ಹಾಗೆ ಮಾಡಲಿಲ್ಲ. ಅವತ್ತಿಂದ ಒಂದು ಡೋಸೂ ತಪ್ಪಿಲ್ಲ.

ಈ ಮಾತ್ರೆಯನ್ನು ದಿನಕ್ಕೆ ಎರಡು ಸಲ, ಊಟಕ್ಕೆ ಸುಮಾರು ಒಂದು ಗಂಟೆ ಮೊದಲು ಕೊಡಬೇಕು. ಚಿನ್ನಿಗೆ ಈಗ ಆ ಒಂದು ಗಂಟೆ ಗೊತ್ತು. ಮಾತ್ರೆ ತಿಂದ ಕೂಡಲೇ ತನ್ನ ಖಾಲಿ ಬಟ್ಟಲಿನ ಪಕ್ಕ ಗಲ್ಲ ಊರಿ ಮಲಗುತ್ತಾಳೆ. ನಾನು ಎದ್ದರೆ ಕಣ್ಣು ಮಾತ್ರ ಹಿಂದೆ ಬರುತ್ತದೆ. ರಾತ್ರಿ ಅವಳಿಗೆ ಗಾಢ ನಿದ್ದೆ ಬಂದ ಮೇಲೆ ನನ್ನ ಕೆಲಸ ಶುರು. ಮುಟ್ಟದೆ, ದೀಪ ಹಾಕದೆ, ಪಕ್ಕೆ ಏರಿ ಇಳಿಯುವುದನ್ನು 30 ಸೆಕೆಂಡ್ ಎಣಿಸುತ್ತೇನೆ. ಏರಿ ಇಳಿದರೆ ಒಂದು ಉಸಿರು. ಬಂದದ್ದನ್ನು ಎರಡರಿಂದ ಗುಣಿಸಿ ಪುಸ್ತಕದಲ್ಲಿ ಬರೆಯುತ್ತೇನೆ. ಕನಸು ಕಂಡು ಕಾಲು ಆಡಿಸುತ್ತಿದ್ದರೆ ಆ ಲೆಕ್ಕ ಬಿಟ್ಟು ಸ್ವಲ್ಪ ಹೊತ್ತು ಕಾಯುತ್ತೇನೆ. ನಿಮಿಷಕ್ಕೆ 30ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. ಅದಕ್ಕಿಂತ ಜಾಸ್ತಿಯಾಗಿ ಅಲ್ಲೇ ನಿಂತರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು, ತಡಮಾಡದೆ ಫೋನ್ ಮಾಡಬೇಕು. ಇದನ್ನೆಲ್ಲ ಕಲಿಸಿದ್ದು ಅಲ್ಲಿನ ನರ್ಸ್, ಅದೂ ಮರುದಿನದ ಫೋನಿನಲ್ಲೇ.

ಇಲ್ಲಿಂದ ಬೇಜಾರಿನ ಭಾಗ.

ಡಾಕ್ಟ್ರ ಸಂಖ್ಯೆ ಹೆಚ್ಚಿತು, ಜನ ಹೆಚ್ಚಿದರು, ಫೋನ್ ನಿಂತಿತು. ಅದರ ಬದಲು ಮೊಬೈಲಿಗೆ ಮೆಸೇಜ್ ಬರತೊಡಗಿತು: "ನಿಮ್ಮ ಭೇಟಿ ಹೇಗಿತ್ತು? ಸ್ಟಾರ್ ಕೊಡಿ." ನಾಯಿ ಹೇಗಿದೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಪ್ರತಿ ಸಲ ಬೇರೆ ಡಾಕ್ಟ್ರು, ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು. ಇದನ್ನೂ ಸಹಿಸಿಕೊಂಡೆ. ಆದರೆ ಒಂದು ರಾತ್ರಿ ಎಣಿಸಿದಾಗ 38 ಬಂತು. ಮತ್ತೆ ಎಣಿಸಿದೆ, 40. ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ. ಸಮಯ ಗೊತ್ತುಮಾಡಲು ಒಂದು ಒತ್ತಿ, ಬಿಲ್ಲಿಗೆ ಎರಡು ಒತ್ತಿ. ನನ್ನ ನಾಯಿಗೆ ಉಸಿರು ಕಟ್ಟುತ್ತಿದೆ ಎನ್ನುವುದಕ್ಕೆ ಒತ್ತುವ ಸಂಖ್ಯೆಯೇ ಇರಲಿಲ್ಲ.

ಬೇರೆ ತುರ್ತು ಆಸ್ಪತ್ರೆಗೆ ಓಡಿದೆವು. ಆಕ್ಸಿಜನ್ ಕೊಟ್ಟು, ಉಚ್ಚೆ ಹೆಚ್ಚಿಸುವ ಫ್ಯುರೊಸೆಮೈಡ್ ಇಂಜೆಕ್ಷನ್ ಹಾಕಿ ನೀರು ಇಳಿಸಿದರು. ಅಲ್ಲಿನವರು ಮೊದಲು ಕೇಳಿದ್ದು ಹಳೆಯ ಎಕೋ ವರದಿ. ಪುಣ್ಯಕ್ಕೆ ಅದರ ಫೋಟೋ ನನ್ನ ಮೊಬೈಲಿನಲ್ಲಿತ್ತು. ಚಿನ್ನಿ ಉಳಿದಳು.

ಮನೆಗೆ ಬಂದು ನಮ್ಮ ಕ್ಲಿನಿಕ್‌ಗೆ ಉದ್ದ ಪತ್ರ ಬರೆದೆ. ಕೋಪದಲ್ಲೇ ಬರೆದೆ. ಎರಡೂ ಎಣಿಕೆ, ಯಾವ ಗಂಟೆಗೆ ಫೋನ್ ಮಾಡಿದೆ, ಏನು ಕೇಳಿಸಿತು, ಎಲ್ಲ ಬರೆದೆ. ಹಳೇ ಡಾಕ್ಟ್ರೇ ಫೋನ್ ಮಾಡಿದರು. ಸಮಜಾಯಿಷಿ ಹೇಳಲಿಲ್ಲ, ಸುಮ್ನೆ ಕೇಳಿಸಿಕೊಂಡರು. ಆಮೇಲೆ ನಿಜವಾಗಿಯೂ ಬದಲಾಯಿಸಿದರು. ಈಗ ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆಯ ಪ್ರಾಣಿಗಳಿಗೆ ಒಬ್ಬ ಗೊತ್ತಾದ ನರ್ಸ್ ಇದ್ದಾರೆ, ನೇರ ನಂಬರ್ ಇದೆ. ರಾತ್ರಿ ಅವರು ಇಲ್ಲದ ಹೊತ್ತಿನಲ್ಲಿ ರೆಕಾರ್ಡಿಂಗಿನ ಮೊದಲ ಮಾತೇ ತುರ್ತು ಆಸ್ಪತ್ರೆಯ ವಿಳಾಸ. ಹಳೆಯ ವರದಿಗಳು ಅಲ್ಲಿಗೇ ಹೋಗುವ ವ್ಯವಸ್ಥೆಯೂ ಆಗಿದೆ. ಮರುದಿನದ ಫೋನ್ ವಾಪಸ್ ಬಂದಿದೆ. ಫ್ಯುರೊಸೆಮೈಡ್ ಶುರುವಾದಾಗ ಅದೇ ಫೋನಿನಲ್ಲಿ ಹೇಳಿದರು: ನೀರು ಜಾಸ್ತಿ ಕುಡಿಯುತ್ತಾಳೆ, ತಡೆಯಬೇಡಿ, ಉಚ್ಚೆಗೆ ಪದೇ ಪದೇ ಹೊರಗೆ ಬಿಡಿ, ಕಿಡ್ನಿ ನೋಡಲು ರಕ್ತಪರೀಕ್ಷೆಗೆ ಬನ್ನಿ. ಮೊದಲ ರಾತ್ರಿ ಅವಳು ನೀರಿನ ಬಟ್ಟಲು ಖಾಲಿ ಮಾಡಿದ್ದು ನೋಡಿ ನಾನು ಗಾಬರಿಯಾಗಿ ಕೂತಿದ್ದೆ. ಆ ಮಾತು ಕೇಳಿ ಜೀವ ಬಂತು.

ಬೆಕ್ಕು ಸಾಕುವವರಿಗೆ ಒಂದು ಮಾತು. ಅಲ್ಲಿ ಬೆಕ್ಕುಗಳಿಗೆ ಬೇರೆ ಕಾಯುವ ಕೋಣೆ ಇದೆ. ಬುಟ್ಟಿಯಿಂದ ಎಳೆದು ತೆಗೆಯುವುದಿಲ್ಲ. ಮುಚ್ಚಳ ಬಿಚ್ಚಿ, ಕೆಳಗಿನ ಅರ್ಧದಲ್ಲಿ ಟವೆಲ್ ಹೊದಿಸಿಕೊಂಡು ಕೂತಿದ್ದ ಹಾಗೇ ಪರೀಕ್ಷೆ ಮಾಡುತ್ತಾರೆ. ರಕ್ತದೊತ್ತಡ ನೋಡುವ ಮೊದಲು ಕೆಲವು ನಿಮಿಷ ಸುಮ್ನೆ ಬಿಡುತ್ತಾರೆ, ಹೆದರಿದ ಬೆಕ್ಕಿನ ಒತ್ತಡ ಸುಳ್ಳೇ ಜಾಸ್ತಿ ತೋರಿಸುತ್ತದೆ.

ರಜಾದಿನ ನೂಕುನುಗ್ಗಲು ಇರುತ್ತದೆ, ಸಾಧ್ಯವಾದರೆ ಬೇರೆ ದಿನ ಹೋಗಿ. ಬೇಗ ಲಸಿಕೆ ಹಾಕಿಸಿ ಬರಬೇಕು ಅನ್ನುವವರಿಗೆ ಇದಕ್ಕಿಂತ ಅಗ್ಗದ ಜಾಗ ಸಿಗುತ್ತದೆ. ದೀರ್ಘ ಕಾಯಿಲೆಯ ಪ್ರಾಣಿ ಇದ್ದರೆ ನಾನು ಇಲ್ಲಿಗೇ ಕಳಿಸುತ್ತೇನೆ.

ಒಂದು ಕೊರತೆ ಇನ್ನೂ ಇದೆ. ಮೊದಲ ಸಲ ಮರಿ ತಂದವರಿಗೆ ಈಗಲೂ ಬರುವುದು ಆ ಸ್ಟಾರ್ ಮೆಸೇಜ್ ಮಾತ್ರ. ನಾಯಿಮರಿಗೆ 6ರಿಂದ 8 ವಾರಕ್ಕೆ ಲಸಿಕೆ ಶುರುವಾಗಿ 2ರಿಂದ 4 ವಾರಕ್ಕೊಮ್ಮೆ ಕನಿಷ್ಠ 16 ವಾರದವರೆಗೆ ನಡೆಯಬೇಕು. ತಾಯಿಯಿಂದ ಬಂದ, ರೋಗ ತಡೆಯುವ ಪ್ರತಿಕಾಯಗಳು ಮೊದಲ ಡೋಸುಗಳು ಕೆಲಸ ಮಾಡದಂತೆ ತಡೆಯಬಹುದು, ಹಾಗಾಗಿ ಕೊನೆಯದು ತುಂಬಾ ಮುಖ್ಯ. ಮರಿ ಕುಣಿದಾಡುತ್ತಿದೆಯಲ್ಲ ಅಂತ ಜನ ಬಿಟ್ಟುಬಿಡುವುದೂ ಅದನ್ನೇ, ಆಮೇಲೆ ಪಾರ್ವೋ ಎಂಬ ವಾಂತಿ-ಭೇದಿಯ ವೈರಸ್ ಕಾಯಿಲೆ ಬಂದರೆ ಮರಿ ಉಳಿಯುವುದು ಕಷ್ಟ. ಆ ಮನೆಗಳಿಗೂ ಯಾರಾದರೂ ಫೋನ್ ಮಾಡಿ ಮಾತಾಡಲಿ. ಅಲ್ಲಿಯವರೆಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.